ಸ್ಕ್ರೀನ್ ಹಿಂದೆ ಬಿದ್ದ 17

ಶನಿವಾರ ರಾತ್ರಿ ಬನಶಂಕರಿಯಿಂದ ಮನೆಗೆ ಬಂದಾಗಿನಿಂದ ತಲೆ ಕೆಟ್ಟಿದೆ, ಇದನ್ನ ಬರೆದು ಹಾಕೋವರೆಗೂ ನನಗೆ ಸಮಾಧಾನ ಇಲ್ಲ. ನಿಮಗೆಲ್ಲ ಗೊತ್ತೇ ಇದೆ, ಶನಿವಾರ ಸಂಜೆ ಅಂದ್ರೆ ನಾನು ಯಾರ ರಿಸೆಪ್ಷನ್‌ಗೂ ಬರಲ್ಲ, ಯಾರ ಫೋನೂ ಎತ್ತಲ್ಲ, ಡಿ ಅಂಡ್ ಡಿ (ಡಂಜನ್ಸ್ ಅಂಡ್ ಡ್ರ್ಯಾಗನ್ಸ್) ಆಡ್ತಿರ್ತೀನಿ, ಒಬ್ಬೊಬ್ಬರು ಒಂದೊಂದು ಪಾತ್ರ ಆಗಿ, ಡೈಸ್ ಹಾಕ್ಕೊಂಡು, ಎಲ್ಲರೂ ಸೇರಿ ಒಂದು ಕಥೆ ಆಡೋ ಆಟ. ಈ ಕ್ಯಾಂಪೇನ್, ಅಂದ್ರೆ ಸೆಷನ್‌ನಿಂದ ಸೆಷನ್‌ಗೆ ಮುಂದುವರಿಯೋ ಕಥೆ, ಶುರುವಾಗಿ ವರ್ಷದ ಮೇಲಾಯ್ತು, ಎಲ್ಲರ ಕ್ಯಾರೆಕ್ಟರೂ ಲೆವೆಲ್ 6ಕ್ಕೆ ಬಂದಿದೆ, ಇಷ್ಟು ದಿನ ಒಟ್ಟಿಗೆ ಉಳಿಯೋ ಟೇಬಲ್ (ಆಡೋರ ಗುಂಪು) ಬೆಂಗಳೂರಲ್ಲಿ ಸಿಗೋದೇ ಕಷ್ಟ, ಯಾರಿಗೋ ಶಿಫ್ಟ್ ಬದಲಾಗುತ್ತೆ, ಇನ್ಯಾರೋ ಸರ್ಜಾಪುರದ ಕಡೆ ಮನೆ ಮಾಡ್ತಾರೆ, ಅಲ್ಲಿಗೆ ಕಥೆ ಮುಗೀತು. ಅದಕ್ಕೇ ಈ ಟೇಬಲ್ ಅಂದ್ರೆ ನನಗೆ ಜೀವ, ಅದಕ್ಕೇ ಇಷ್ಟು ಸಿಟ್ಟು.

ಆಗಿದ್ದೇನಂದ್ರೆ, ಪಾಳುಬಿದ್ದ ಕೋಟೆ ಕೆಳಗಿನ ಸೇತುವೆ ಮೇಲೆ ಎರಡು ಟ್ರೋಲ್, ಅಂದ್ರೆ ದೈತ್ಯ ರಾಕ್ಷಸರು, ನಮಗೆ ಅಡ್ಡ ಬಂದ್ವು. ಆಡದೇ ಇರೋರಿಗೆ ಹೇಳ್ಬೇಕಂದ್ರೆ, ನಾವಾಡೋ 2014ರ ರೂಲ್ಸ್‌ನಲ್ಲಿ ಟ್ರೋಲ್‌ಗೆ ಎಷ್ಟು ಹೊಡೆದ್ರೂ ಪ್ರತಿ ಸುತ್ತಿಗೆ 10 ಹಿಟ್ ಪಾಯಿಂಟ್ (ಎಷ್ಟು ಜೀವ ಉಳಿದಿದೆ ಅನ್ನೋ ಲೆಕ್ಕ) ವಾಪಸ್ ಬರುತ್ತೆ, ಬೆಂಕಿನೋ ಆಸಿಡ್ಡೋ ತಾಗಿಸಿದ್ರೆ ಮಾತ್ರ ಆ ಸುತ್ತಿಗೆ ನಿಲ್ಲುತ್ತೆ. ನಮ್ಮ ವಿಝಾರ್ಡ್ (ಮಂತ್ರ ಹಾಕೋ ಪಾತ್ರ) ಬೆಂಕಿ ಎಸೆದದ್ದೆಲ್ಲ ಗುರಿ ತಪ್ತು. ರೋಗ್ (ಕಳ್ಳನ ಥರದ ಪಾತ್ರ) ಆಡೋ ಹುಡುಗ ಮುಂದೆ ನುಗ್ಗಿ ಜೀರೋ ಹಿಟ್ ಪಾಯಿಂಟ್‌ಗೆ ಬಂದು ಬಿದ್ದ. ಹಾಗೆ ಬಿದ್ದವನು ತನ್ನ ಸರದಿಗೆ ಡಿ20 (20 ಮುಖದ ಡೈಸ್) ಹಾಕ್ಬೇಕು, 10 ಅಥವಾ ಮೇಲೆ ಬಂದ್ರೆ ಒಂದು ಗೆಲುವು, ಕಮ್ಮಿ ಬಂದ್ರೆ ಒಂದು ಸೋಲು, ಮೂರು ಸೋಲಾದ್ರೆ ಸತ್ತ ಅಂತ ಲೆಕ್ಕ. ಅವನಿಗೆ 6 ಬಿತ್ತು. ಒಂದು ಸೋಲು.

ಆಮೇಲೆ ಟ್ರೋಲ್ ಸರದಿ. ಪಂಜದ ಎರಡೂ ಏಟು ಫೈಟರ್ (ನಮ್ಮ ಯೋಧ) ಮೇಲೆ, ಆಮೇಲೆ ಬಗ್ಗಿ ಬಿದ್ದಿರೋನನ್ನ ಕಚ್ಚುತ್ತೆ ಅಂತ ನಮ್ಮ ಡಿಎಂ (ಡಂಜನ್ ಮಾಸ್ಟರ್, ಆಟ ನಡೆಸೋನು, ರಾಕ್ಷಸರನ್ನ ಆಡಿಸೋನು) ಹೇಳ್ದ. ಅವನೇ ಹೇಳಿದ್ದು, ಯಾರೂ ಬಲವಂತ ಮಾಡಿರಲಿಲ್ಲ. ಪ್ರಜ್ಞೆ ಇಲ್ಲದೋನ ಮೇಲೆ ಅಡ್ವಾಂಟೇಜ್ ಇರುತ್ತೆ, ಅಂದ್ರೆ ಎರಡು ಡೈಸ್ ಹಾಕಿ ದೊಡ್ಡದನ್ನ ತಗೋಬೇಕು, ಅಷ್ಟು ಹತ್ತಿರದಿಂದ ತಾಗಿದ ಏಟು ಕ್ರಿಟಿಕಲ್ (ಮಾರಕ ಏಟು), ಕ್ರಿಟಿಕಲ್ ಆದ್ರೆ ಒಂದೇ ಸಲ ಎರಡು ಸೋಲು. ಮೊದಲೇ ಒಂದಿತ್ತು. ಟೇಬಲ್ ಸುತ್ತ ಯಾರೂ ಉಸಿರಾಡ್ತಿರಲಿಲ್ಲ, ಕ್ಲೆರಿಕ್ (ಗಾಯ ವಾಸಿ ಮಾಡೋ ಪೂಜಾರಿ ಪಾತ್ರ) ಆಡೋವ್ಳು ಅರ್ಧ ಕಚ್ಚಿದ ಖಾರಾ ಬನ್ ಕೈಯಲ್ಲೇ ಹಿಡ್ಕೊಂಡು ಕೂತಿದ್ಲು.

ನಾನು ಕೂತಿದ್ದು ಡಿಎಂ ಎಡಕ್ಕೆ, ಅವನು ತನ್ನ ಡೈಸ್ ಮರೆಮಾಡೋಕೆ ಇಟ್ಕೊಳ್ಳೋ ಸ್ಕ್ರೀನ್ ಮಡಚಿಕೊಳ್ಳೋ ಮೂಲೇಲಿ. ಕೆಂಪು ಡೈಸ್ 11, ಕಪ್ಪು ಡೈಸ್ 17. ಟ್ರೋಲ್ ಡೈಸ್‌ಗೆ ಪ್ಲಸ್ 7 ಸೇರುತ್ತೆ, ರೋಗ್ ಆರ್ಮರ್ ಕ್ಲಾಸ್ 15, ಅಂದ್ರೆ ಒಟ್ಟು 15 ಮುಟ್ಟಿದ್ರೆ ಏಟು ತಾಗುತ್ತೆ. 17 ಬಿಡಿ, 11 ಇದ್ರೂ ತಾಗ್ತಿತ್ತು. ಡಿಎಂ ಒಂದು ಕ್ಷಣ ನೋಡ್ದ, ಬೆರಳಲ್ಲಿ ಕಪ್ಪು ಡೈಸನ್ನ ಮಗುಚಿದ, ತಲೆ ಎತ್ತಿ "ಮಿಸ್" ಅಂದ.

ಎಲ್ಲರೂ ಕುರ್ಚಿಯಿಂದ ಎದ್ದು ಕೂಗಾಡಿದ್ರು. ರೋಗ್ ಆಡೋ ಹುಡುಗ ಮುಖ ಮುಚ್ಕೊಂಡು ನಕ್ಕ. ನನಗೆ ಕೈ ತಟ್ಟೋಕೆ ಆಗ್ಲಿಲ್ಲ.

ಇದಕ್ಕೆ ಆಡೋರ ಮಧ್ಯೆ ಫಡ್ಜ್ ಮಾಡೋದು ಅಂತಾರೆ, ತುಂಬಾ ಜನ ಮಾಡ್ತಾರೆ, ಮಾಡಿ ಅದನ್ನ ಒಳ್ಳೇತನ ಅಂದ್ಕೋತಾರೆ. ನನ್ನ ಪ್ರಕಾರ ಇದು ಆಟಕ್ಕೆ ಮಾಡೋ ಮೋಸ. ಡಿಎಂ ಹತ್ರ ದಯೆ ತೋರಿಸೋಕೆ ಜಾಗ ಇಲ್ಲ ಅಂತಲ್ಲ, ಬೇಕಾದಷ್ಟಿದೆ. ಆ ಟ್ರೋಲ್ ಫೈಟರನ್ನೇ ಕಚ್ಚಬಹುದಿತ್ತು. ಬಿದ್ದವನನ್ನ ಕಾಲು ಹಿಡಿದು ಗುಹೆಗೆ ಎಳ್ಕೊಂಡು ಹೋಗಬಹುದಿತ್ತು, ಆಗ ನಾವೆಲ್ಲ ಹಿಂದೆ ಓಡ್ತಿದ್ವಿ. ಇದೆಲ್ಲ ಡೈಸ್ ಕೈಗೆ ತಗೊಳ್ಳೋಕೆ ಮೊದಲು ತೀರ್ಮಾನ ಮಾಡೋ ವಿಷಯ, ಅದು ಅವನ ಅಧಿಕಾರ, ಅದನ್ನ ನಾನು ಯಾವತ್ತೂ ಪ್ರಶ್ನೆ ಮಾಡಲ್ಲ. ಆದ್ರೆ ಕಚ್ಚುತ್ತೆ ಅಂತ ಹೇಳಿ, ಡೈಸ್ ಉರುಳಿಸಿ, ಎಲ್ಲರ ಎದೆ ಡವಡವ ಅನ್ನೋ ಹಾಗೆ ಮಾಡಿ, ಬಂದ ನಂಬರ್ ಇಷ್ಟ ಆಗ್ಲಿಲ್ಲ ಅಂತ ಬೇರೆ ಹೇಳೋದಿದ್ಯಲ್ಲ, ಅದು ಸುಳ್ಳು. ಬರೋ ಉತ್ತರ ತಡ್ಕೊಳ್ಳೋಕೆ ಆಗಲ್ಲ ಅಂದ್ರೆ ಡೈಸನ್ನ ಕೇಳಲೇಬಾರದು.

ಯಾರಿಗೆ ಅನ್ಯಾಯ ಆಯ್ತು ಅಂತ ಕೇಳ್ತೀರಾ? ಮೊದಲನೇದಾಗಿ ಕ್ಲೆರಿಕ್ ಆಡೋವ್ಳಿಗೆ. ಹಿಂದಿನ ಸೆಷನ್‌ನಲ್ಲಿ ಊರಿನ ಸಂತೇಲಿ ಎಲ್ಲರೂ ಹೊಸ ಕತ್ತಿ ಬಿಲ್ಲು ಅಂತ ಗುದ್ದಾಡ್ತಿದ್ರೆ ಅವ್ಳು ಒಬ್ಬಳೇ ಹಠ ಹಿಡಿದು ಪಾರ್ಟಿ (ನಮ್ಮ ಪಾತ್ರಗಳ ತಂಡ) ದುಡ್ಡಲ್ಲಿ 300 ಗೋಲ್ಡ್ ಬೆಲೆಯ ವಜ್ರ ತಗೊಂಡ್ಲು, ಯಾಕಂದ್ರೆ ರಿವಿವಿಫೈ ಮಂತ್ರಕ್ಕೆ ಅದು ಬೇಕೇ ಬೇಕು. ಸತ್ತು ಒಂದು ನಿಮಿಷದೊಳಗೆ ಹೋಗಿ ಮುಟ್ಟಿದ್ರೆ ಜೀವ ವಾಪಸ್ ಬರುತ್ತೆ. ಅವತ್ತು ಎಲ್ಲರೂ ಅವಳ ಮೇಲೆ ರೇಗಿದ್ರು. ಈಗ ಯೋಚನೆ ಮಾಡಿ, ಆ 17 ನಿಂತಿದ್ರೆ ಏನಾಗ್ತಿತ್ತು ಅಂತ. ರೋಗ್ ಸತ್ತು ಬಿದ್ದಿದಾನೆ, ಹೆಣದ ಮೇಲೆ ಟ್ರೋಲ್ ನಿಂತಿದೆ, ಒಂದು ನಿಮಿಷ ಅಂದ್ರೆ ಹತ್ತೇ ಸುತ್ತು ಟೈಮ್, ಕ್ಲೆರಿಕ್ ಆ ಟ್ರೋಲ್ ಕಾಲಡಿಗೆ ನುಗ್ಗಿ ಕೈ ಚಾಚಬೇಕು, ನಾವೆಲ್ಲ ಸೇರಿ ಅವಳಿಗೆ ದಾರಿ ಮಾಡಿಕೊಡಬೇಕು. ಈ ವರ್ಷದ ಅತಿ ದೊಡ್ಡ ದೃಶ್ಯ ಅಲ್ಲಿತ್ತು, ಒಂದು ಬೆರಳಲ್ಲಿ ಅದನ್ನ ಮಗುಚಿ ಹಾಕ್ದ. ವಜ್ರ ಇನ್ನೂ ಚೀಲದಲ್ಲೇ ಇದೆ. ಅವಳು ಅಷ್ಟು ಮುಂದಾಲೋಚನೆ ಮಾಡಿದ್ದು ಯಾರಿಗೂ ಗೊತ್ತೇ ಆಗ್ಲಿಲ್ಲ.

ಆಟ ಮುಗಿದ ಮೇಲೆ ಕೆಳಗೆ ಪಾರ್ಕಿಂಗ್‌ನಲ್ಲಿ ಡಿಎಂನ ಹಿಡ್ಕೊಂಡೆ. "ಕಪ್ಪು ಡೈಸ್ 17 ಇತ್ತು ಕಣೋ" ಅಂದೆ. "ನೋಡ್ಬಿಟ್ಯಾ" ಅಂದ. ಆಮೇಲೆ, "ಈ ವರ್ಷ ಆ ರೋಗ್ ಹುಡುಗನಿಗೆ ಮೊದಲೇ ಸಾಕಾಗಿದೆ ಕಣೇ, ಇದೂ ಹೋದ್ರೆ ಬೇಜಾರ್ ಮಾಡ್ಕೋತಾನೆ, ಬಿಟ್ಬಿಡು" ಅಂದ. ಡಿಎಂ ಮನಸ್ಸು ಒಳ್ಳೇದು, ಅದರಲ್ಲಿ ನನಗೆ ಎಳ್ಳಷ್ಟೂ ಅನುಮಾನ ಇಲ್ಲ, ವಾರವಿಡೀ ಕೆಲಸ ಮಾಡಿ ರಾತ್ರಿ ಕೂತು ಮ್ಯಾಪ್ ಬರೆದು ಮಿನಿಯೇಚರ್‌ಗೆ ಬಣ್ಣ ಹಚ್ಚೋ ಮನುಷ್ಯ. ಆದ್ರೂ ಹೇಳ್ದೆ, ಬೇಜಾರ್ ಮಾಡ್ಕೊಳ್ಳೋದು ಅವನ ಹಕ್ಕು ಕಣೋ, ಅದನ್ನ ನೀನ್ಯಾಕೆ ಕಿತ್ಕೋತೀಯ ಅಂತ.

ನಿನ್ನೆ ವಾಟ್ಸಾಪ್ ಗ್ರೂಪಲ್ಲಿ ಡಿಎಂ ತಾನೇ ಎಲ್ಲರಿಗೂ ಹೇಳ್ದ, ಹಾಗಾಗಿ ನಾನಿಲ್ಲಿ ಯಾರ ಗುಟ್ಟನ್ನೂ ಬಿಡ್ತಿಲ್ಲ, ಅವನನ್ನ ಕೇಳಿಯೇ ಬರೀತಿದೀನಿ. ರೋಗ್ ಆಡೋ ಹುಡುಗ ತುಂಬಾ ಹೊತ್ತು ಏನೂ ಟೈಪ್ ಮಾಡ್ಲಿಲ್ಲ. ಆಮೇಲೆ ಒಂದೇ ಸಾಲು: "ಹಂಗಾದ್ರೆ ಗಣಿ ಒಳಗೆ ಆ ಮಾಂತ್ರಿಕನ್ನ ಕೊಂದಿದ್ದು ನಾನೇನಾ, ಇಲ್ಲ ನೀನು ಸಾಯಿಸಿಕೊಟ್ಯಾ?"

ಅದನ್ನ ಓದಿ ನನಗೆ ಹೊಟ್ಟೆ ಉರೀತು. ಆ ಮಾಂತ್ರಿಕನ್ನ ಅವನು ಕೊಂದ ರಾತ್ರಿ ನಾವೆಲ್ಲ ಅವನನ್ನ ಎತ್ಕೊಂಡು ಕುಣಿದಿದ್ವಿ. ಈಗ ಅದರ ಮೇಲೂ ಅನುಮಾನ. ಒಂದು ಸೋಲು ತಪ್ಪಿಸೋಕೆ ಹೋಗಿ ಹಿಂದಿನ ಗೆಲುವನ್ನೆಲ್ಲ ಅವನ ಕೈಯಿಂದ ಕಿತ್ಕೊಂಡ ಹಾಗಾಯ್ತು.

ಹೂಂ, ಏನು ಹೇಳ್ತೀರಾ ಗೊತ್ತು. 2014ರ ಡಂಜನ್ ಮಾಸ್ಟರ್ಸ್ ಗೈಡ್‌ನಲ್ಲೇ ಇದೆ, ಸ್ಕ್ರೀನ್ ಹಿಂದೆ ಹಾಕಿದ್ರೆ ಬೇಕಂದ್ರೆ ಫಲಿತಾಂಶ ಬದಲಾಯಿಸ್ಕೋಬಹುದು ಅಂತ. ಇದೆ, ನಾನೂ ಓದಿದೀನಿ. ಪುಸ್ತಕ ಬಿಟ್ಟುಕೊಟ್ಟಿದೆ ಅಂದ ಮಾತ್ರಕ್ಕೆ ನಾವು ಬಿಟ್ಟುಕೊಟ್ಟ ಹಾಗಾಯ್ತಾ? ಸೆಷನ್ ಜೀರೋದಲ್ಲಿ, ಅಂದ್ರೆ ಆಟ ಶುರು ಮಾಡೋಕೆ ಮೊದಲು ಎಲ್ಲರೂ ಕೂತು ಮಾತಾಡಿದಾಗ, ಈ ಕ್ಯಾಂಪೇನ್‌ನಲ್ಲಿ ಸಾವು ಇರುತ್ತೆ, ಒಪ್ಪಿಗೆನಾ ಅಂತ ಡಿಎಂ ಕೇಳಿದ್ದ, ನಾವೆಲ್ಲ ಒಪ್ಪಿದ್ವಿ. ಸಾವು ಬೇಡ ಅಂತ ಇದ್ರೆ ಅವತ್ತೇ ಹೇಳ್ಕೋಬಹುದಿತ್ತು, ಸಾವಿಲ್ಲದೇನೂ ಎಷ್ಟೋ ಟೇಬಲ್‌ಗಳು ಚೆನ್ನಾಗಿ ಆಡ್ತಾವೆ. ಇನ್ನೊಂದು ಮಾತು, ಕಥೆ ಮುಖ್ಯ ಡೈಸ್ ಅಲ್ಲ ಅನ್ನೋದು. ಬರೀ ಕಥೆ ಬೇಕಿದ್ರೆ ಡೈಸ್ ಯಾಕೆ ತಗೋಬೇಕು? 2010ರಲ್ಲಿ ಬಂದ ಅಪೋಕ್ಯಾಲಿಪ್ಸ್ ವರ್ಲ್ಡ್ ಅನ್ನೋ ಆಟದಲ್ಲಿ ನಡೆಸೋರು ಡೈಸನ್ನೇ ಮುಟ್ಟಲ್ಲ, ಆಡೋರು ಮಾತ್ರ ಹಾಕೋದು. ಅದನ್ನ ಆಡೋಣ, ನಾನು ರೆಡಿ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ನಮ್ಮ ಡಿ ಅಂಡ್ ಡಿಯನ್ನ ಮೊದಲು ಹೊರಗೆ ತಂದಾಗ ಆ ಪುಸ್ತಕಗಳಲ್ಲಿ ಈಗ ಡಿಎಂ ಅನ್ನೋರನ್ನ ರೆಫರಿ ಅಂತ ಕರೀತಿದ್ರು, ಯುದ್ಧದ ಆಟಗಳಿಂದ ಬಂದ ಪದ್ಧತಿ ಅದು, ರೆಫರಿ ಆದೋನು ಬಂದ ಫಲಿತಾಂಶ ತಿದ್ದಬಾರದು. ಸ್ಕ್ರೀನ್ ಬೇಡ ಅಂತಲೂ ನಾನು ಹೇಳ್ತಿಲ್ಲ. ಕಳ್ಳಬಾಗಿಲು ಕಣ್ಣಿಗೆ ಬಿತ್ತೋ ಇಲ್ವೋ ಅನ್ನೋಂಥ ರೋಲ್‌ಗಳನ್ನ ಮುಚ್ಚಿಟ್ಟುಕೊಳ್ಳಲಿ, ಮುಚ್ಚಿಡೋದು ಬೇರೆ ತಿರುಚೋದು ಬೇರೆ.

ನಮ್ಮಜ್ಜಿ ತಿಪಟೂರಿನ ಮನೆ ಜಗಲಿ ಮೇಲೆ ನಮ್ಮ ಜೊತೆ ಚೌಕಾಬಾರ ಆಡೋರು, ಹುಣಿಸೆಬೀಜ ಒಂದು ಕಡೆ ತೇಯ್ದು ಬಿಳಿ ಮಾಡಿರೋದು. ಮೊಮ್ಮಗಳು ಅಂತ ಒಂದು ಸಲಾನೂ ನನ್ನ ಕಾಯಿ ಬಿಟ್ಟವರಲ್ಲ, ಹಣ್ಣಾಗೋಕೆ ಒಂದು ಮನೆ ಬಾಕಿ ಇದ್ರೂ ಕಡಿದು ಎತ್ತಿಡೋರು. ನಾನು ಗೋಳೋ ಅಂದ್ರೆ "ಅತ್ಬಿಡು, ಆಮೇಲೆ ಬೀಜ ಹಾಕು" ಅನ್ನೋರು. ಅವರನ್ನ ಸೋಲಿಸಿದ ಮಧ್ಯಾಹ್ನ ಇಡೀ ಬೀದಿಗೆ ಹೇಳ್ಕೊಂಡು ಬಂದಿದ್ದೆ, ಯಾಕಂದ್ರೆ ಅಜ್ಜಿ ಬಿಟ್ಟುಕೊಟ್ಟಿಲ್ಲ ಅಂತ ನನಗೆ ಗೊತ್ತಿತ್ತು.

ಇದನ್ನ ಎಲ್ಲೂ ಬರೆದಿರಲಿಲ್ಲ, ಈಗ ಹೇಳ್ತೀನಿ. ಹಿಂದಿನ ಕ್ಯಾಂಪೇನ್‌ನಲ್ಲಿ ನನ್ನ ಪಾತ್ರ ಕೆಂಪಿ ಸತ್ತಳಲ್ಲ, ಹಾಫ್ಲಿಂಗ್ ಬಾರ್ಡ್ (ಕುಳ್ಳ ಜನಾಂಗದ ಹಾಡುಗಾತಿ), ಆ ರಾತ್ರಿ ಗ್ರೀನ್ ಲೈನ್ ಮೆಟ್ರೋದಲ್ಲಿ ಸೌತ್ ಎಂಡ್ ಸರ್ಕಲ್ ದಾಟಿದಾಗಿಂದ ರಾಜಾಜಿನಗರದವರೆಗೂ ಅತ್ಕೊಂಡು ಬಂದಿದೀನಿ, ಪಕ್ಕದಲ್ಲಿದ್ದ ಆಂಟಿ ನೀರಿನ ಬಾಟಲ್ ಕೊಟ್ರು. ಸಾವು ಬದುಕಿನ ಮೂರನೇ ಡೈಸ್ ನಾನೇ ಹಾಕಿದ್ದು, ಎಲ್ಲರ ಕಣ್ಮುಂದೆ, 8 ಬಿತ್ತು. ಮುಂದಿನ ವಾರ ಏನಾಯ್ತು ಗೊತ್ತಾ? ಪಾರ್ಟಿಯವರು ನಿಧಿ ಹುಡುಕೋದು ಬಿಟ್ಟು ಅವಳ ವೀಣೆ ಹೊತ್ಕೊಂಡು ಅವಳ ಹಳ್ಳಿಗೆ ಹೋದ್ರು, ಅದಕ್ಕೇ ಅಂತ ಒಂದು ಇಡೀ ಸೆಷನ್. ಯಾವತ್ತೂ ತನ್ನ ಕ್ಯಾರೆಕ್ಟರ್ ಮಾತು ಆಡದೇ ಬರೀ "ಅಟ್ಯಾಕ್" ಅಂತಿದ್ದ ಫೈಟರ್ ಹುಡುಗ, ಕೆಂಪಿ ಅಮ್ಮನ ಮುಂದೆ ಕೂತು ಅವಳು ಹೇಗೆ ಬದುಕಿದ್ಲು ಅಂತ ಹೇಳ್ದ. ಅವಳನ್ನ ಯಾರಾದ್ರೂ ಸ್ಕ್ರೀನ್ ಹಿಂದೆ ಉಳಿಸಿದ್ರೆ ನನಗೆ ಅದು ಯಾವುದೂ ಸಿಗ್ತಿರಲಿಲ್ಲ. ಕೆಂಪಿ ಕ್ಯಾರೆಕ್ಟರ್ ಶೀಟ್ ಇವತ್ತಿಗೂ ನನ್ನ ಹತ್ರ ಇದೆ, ಲೆವೆಲ್ 4, ಪೆನ್ಸಿಲ್‌ನಲ್ಲಿ ಬರೆದಿದ್ದು.

ಗ್ರೂಪಲ್ಲಿ ಮಾತಾಡಿ ಆಯ್ತು, ಇನ್ನು ಮೇಲೆ ಯುದ್ಧದ ಡೈಸೆಲ್ಲ ಟೇಬಲ್ ಮಧ್ಯದ ಟ್ರೇನಲ್ಲಿ ಅಂತ ಡಿಎಂ ಒಪ್ಪಿದಾನೆ. ಹಾಗೇ ದೀಪಾವಳಿ ಆದ್ಮೇಲೆ ನಾನೂ ಒಂದು ಕ್ಯಾಂಪೇನ್ ನಡೆಸ್ತಿದೀನಿ, ಭಾನುವಾರ ಮಧ್ಯಾಹ್ನ, ರಾಜಾಜಿನಗರದಲ್ಲಿ ನಮ್ಮನೇಲೇ, ಲೆವೆಲ್ 1ರಿಂದ. ಎರಡು ಸೀಟ್ ಖಾಲಿ ಇದೆ, ಹೊಸಬರಾದ್ರೂ ಪರವಾಗಿಲ್ಲ, ರೂಲ್ಸ್ ಕೂತು ಹೇಳಿಕೊಡ್ತೀನಿ. ನನ್ನ ಡೈಸ್ ನಿಮ್ಮ ಕಣ್ಮುಂದೆನೇ ಉರುಳುತ್ತೆ, ನಿಮ್ಮ ಕ್ಯಾರೆಕ್ಟರ್ ಸಾಯಬಹುದು. ಅದಕ್ಕೆ ಒಪ್ಪಿಗೆ ಇದ್ರೆ ಇನ್‌ಬಾಕ್ಸ್‌ಗೆ ಬನ್ನಿ.