ಸತ್ಯಾಂಶ: ಪೂರ್ತಿ ಮುಳುಗಿದ ವಾಲ್ವ್‌ಗೆ ತುಕ್ಕು ಹಿಡಿಯುವುದಿಲ್ಲವೇ?

‘ವಾಲ್ವ್ ನೀರಿನಲ್ಲಿ ಪೂರ್ತಿ ಮುಳುಗಿದ್ದರೆ ಗಾಳಿ ತಾಗುವುದಿಲ್ಲ, ತುಕ್ಕೂ ಹಿಡಿಯುವುದಿಲ್ಲ, ಒಮ್ಮೆ ಗ್ರೀಸ್ ಸವರಿದರೆ ಸಾಕು’ ಎಂಬ ಸಂದೇಶವೊಂದು ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ತುಕ್ಕಿಗೆ ಆಮ್ಲಜನಕ ಬೇಕೆಂಬುದು ನಿಜವಾದರೂ ನೀರಿನೊಳಗೆ ಅದು ಇಲ್ಲವೆಂಬ ಊಹೆ ತಪ್ಪು: ಗಾಳಿಗೆ ತೆರೆದುಕೊಂಡ 25 ಡಿಗ್ರಿ ಸೆಲ್ಸಿಯಸ್‌ನ ಸಿಹಿನೀರಿನಲ್ಲಿ ಲೀಟರಿಗೆ ಸುಮಾರು 8 ಮಿಲಿಗ್ರಾಂ ಆಮ್ಲಜನಕ ಕರಗಿರುತ್ತದೆ, ಮೀನುಗಳು ಉಸಿರಾಡುವುದೂ ಅದನ್ನೇ. ಟ್ಯಾಂಕಿಗೆ ಹೊಸ ನೀರು ಬಂದಂತೆಲ್ಲ ಅದೂ ಬರುತ್ತಿರುತ್ತದೆ.

ಹೆಚ್ಚಿನ ಹಾನಿ ಕಾಣುವುದು ಎರಡು ಲೋಹಗಳು ಕೂಡುವ ಜಾಗದಲ್ಲಿ. ಹಿತ್ತಾಳೆಯ ವಾಲ್ವ್‌ಗೆ ಜಿಐ (ಸತು ಲೇಪಿಸಿದ ಕಬ್ಬಿಣದ) ನಿಪ್ಪಲ್, ಅಂದರೆ ಎರಡೂ ತುದಿಗೆ ಥ್ರೆಡ್ ಇರುವ ಗಿಡ್ಡ ಪೈಪ್ ತುಂಡು, ಜೋಡಿಸಿ ನೀರಿಗೆ ಬಿಟ್ಟರೆ, ಮೊದಲು ಸತುವಿನ ಲೇಪನವೂ ಆಮೇಲೆ ಅದರಡಿಯ ಕಬ್ಬಿಣವೂ ಕರಗತೊಡಗುತ್ತವೆ. ಥ್ರೆಡ್ ಕೊರೆದು ತೆಳುವಾದ ಭಾಗದಲ್ಲೇ ಕಂದು ಗಂಟುಗಳು ಏಳುತ್ತವೆ, ಪಕ್ಕದ ಹಿತ್ತಾಳೆ ಮಾತ್ರ ತನಗೇನೂ ಸಂಬಂಧವಿಲ್ಲವೆಂಬಂತೆ ಇರುತ್ತದೆ. ಇಂಥಲ್ಲಿ ಕಬ್ಬಿಣಕ್ಕಷ್ಟೇ ಬಣ್ಣ ಬಳಿಯುವುದು ಇನ್ನೂ ಅಪಾಯ, ಏಕೆಂದರೆ ಬಣ್ಣದಲ್ಲಿ ಸಣ್ಣ ಗೀರು ಬಿದ್ದರೂ ಸವೆತವೆಲ್ಲ ಆ ಒಂದೇ ಚುಕ್ಕೆಗೆ ಸೇರುತ್ತದೆ.

ಗ್ರೀಸ್ ಹರಿಯುವ ನೀರಿನಲ್ಲಿ ನಿಧಾನವಾಗಿ ತೊಳೆದುಹೋಗುತ್ತದೆ, ಕುಡಿಯುವ ನೀರಿಗಂತೂ ಸಾಮಾನ್ಯ ಗ್ರೀಸ್ ಸಲ್ಲದು. ವಾಲ್ವ್, ನಿಪ್ಪಲ್, ಬೋಲ್ಟ್ ಎಲ್ಲವನ್ನೂ ಒಂದೇ ಲೋಹದಲ್ಲಿ ಆರಿಸುವುದು, ಒತ್ತಡ ತಡೆಯುವಂತಿದ್ದರೆ ಪ್ಲಾಸ್ಟಿಕ್ ಬಳಸುವುದು ನನ್ನ ದೃಷ್ಟಿಯಲ್ಲಿ ಹೆಚ್ಚು ನಂಬಿಕೆಯ ದಾರಿ. ಉಪ್ಪಿನಂಶವಿರುವ ನೀರಾದರೆ, ಮಾಲಿಬ್ಡಿನಮ್ ಬೆರೆತಿರುವ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ 304ಕ್ಕಿಂತ ಚೆನ್ನಾಗಿ ಬಾಳುತ್ತದೆ.