ಗದ್ದೆಯ ಕಾನೂನು

ಕರಾವಳಿಯ ಗದ್ದೆಗೆ ಲೆಕ್ಕದಲ್ಲಿ ಮೂರು ಬೆಳೆ: ಮಳೆಗಾಲದ ಏಣೆಲು, ಚಳಿಗಾಲದ ಸುಗ್ಗಿ, ಬೇಸಿಗೆಯ ಕೊಳಕೆ. ಆಳು ಸಿಗದ, ನೀರು ಏರಿಸಲಾಗದ ಈ ಕಾಲದಲ್ಲಿ ಏಣೆಲು ಒಂದನ್ನೇ ಬೆಳೆದು ಕೈತೊಳೆದುಕೊಳ್ಳುವವರೇ ಹೆಚ್ಚು. ಹಾಗಂತ ಗದ್ದೆ ಸುಮ್ಮನೆ ಬಿದ್ದಿರುವುದಿಲ್ಲ. ಕೊಯ್ಲಾಗಿ ಕೂಳೆ ಒಣಗುವಷ್ಟರಲ್ಲಿ ಎರಡನೇ ಬೆಳೆ ತಾನಾಗಿ ಏಳುತ್ತದೆ: ಮೂರು ಕೋಲು, ಒಂದು ಮೈಕು, ಹಗ್ಗಕ್ಕೆ ಅಂಟಿಸಿದ ಬಣ್ಣದ ಕಾಗದ. ಬಸ್ ಸ್ಟ್ಯಾಂಡಿನ ಕಂಬದಲ್ಲಿ ಕರಪತ್ರ: ಕ್ರಿಕೆಟ್ ಪಂದ್ಯಾಟ, ಶನಿವಾರ ಮತ್ತು ಭಾನುವಾರ, ಬೆಳಿಗ್ಗೆ 9 ಗಂಟೆಗೆ ಸರಿಯಾಗಿ, ವಿಜೇತರಿಗೆ ನಗದು ಮತ್ತು ಶಾಶ್ವತ ಫಲಕ. ಶಾಶ್ವತ ಎಂದರೆ ಮುಂದಿನ ಮಳೆಗಾಲದಲ್ಲಿ ಗೆದ್ದಲು ಬರುವವರೆಗೆ.

ಮೊದಲ ಕೆಲಸ ಪಿಚ್ಚಿನದು. ಗುದ್ದಲಿಯಲ್ಲಿ ಕೂಳೆಯನ್ನು ನೆಲಮಟ್ಟಕ್ಕೆ ಹೆರೆಯಬೇಕು. ಬುಡಸಮೇತ ಕಿತ್ತರೆ ಗುಂಡಿ ಉಳಿದು ಬಾಲು ಎಲ್ಲೆಲ್ಲೋ ಏಳುತ್ತದೆ. ಗದ್ದೆ ಮಣ್ಣು ಒಣಗಿದರೆ ಬಿರಿಯುವ ಜಾತಿಯದು. ಬಿರುಕಿಗೆ ಜರಡಿ ಹಿಡಿದ ಮಣ್ಣು ತುಂಬಿ, ಸಂಜೆ ನೀರು ಕುಡಿಸಿ, ರಾತ್ರಿಯಿಡೀ ಬಿಡಬೇಕು. ಮರುದಿನ ಕಾಲಿಟ್ಟರೆ ಹೆಜ್ಜೆ ಮೂಡಬೇಕು, ಮಣ್ಣು ಮಾತ್ರ ಅಂಗಾಲಿಗೆ ಹತ್ತಬಾರದು. ರೋಲರಿಗೆ ಅದೇ ಹದ. ಅವಸರ ಮಾಡಿದರೆ ಮಣ್ಣು ರೋಲರಿಗೆ ಮೆತ್ತಿಕೊಂಡು ಚಕ್ಕೆ ಚಕ್ಕೆಯಾಗಿ ಏಳುತ್ತದೆ, ತಡವಾದರೆ ಪುಡಿಯಾಗುತ್ತದೆ. ರೋಲರ್ ಇಲ್ಲದ ಊರಿನಲ್ಲಿ 200 ಲೀಟರಿನ ಡ್ರಮ್ಮಿಗೆ ನೀರು ತುಂಬಿ ಉರುಳಿಸುತ್ತಾರೆ. ಎರಡು ಕ್ವಿಂಟಾಲಿಗೆ ಮೇಲಾಯಿತು, ಸಾಲದೇ? ಕೊನೆಗೊಂದು ತೆಳು ಸೆಗಣಿ ನೀರು, ಧೂಳು ಹಿಡಿದಿಡಲು. ಮಳೆಗಾಲ ಕಳೆದ ಮೇಲೆ ಮನೆಮುಂದೆ ಅಂಗಳ ಮಾಡಿ ಗೊತ್ತಿರುವ ಕೈಗೆ ಇದರಲ್ಲಿ ಹೊಸ ವಿದ್ಯೆ ಏನೂ ಇಲ್ಲ.

ಅಳತೆಯಲ್ಲಿ ಮಾತ್ರ ವರ್ಷ ವರ್ಷವೂ ಅದೇ ತಪ್ಪು. ಪಿಚ್ಚಿನ ಉದ್ದ 22 ಗಜ ಎಂದು ಎಲ್ಲರಿಗೂ ಗೊತ್ತು, ಒಂದು ಹೆಜ್ಜೆಗೆ ಒಂದು ಗಜ ಎಂದೂ ಎಲ್ಲರೂ ನಂಬಿದ್ದಾರೆ. ಸಾಮಾನ್ಯ ಮನುಷ್ಯನ ಹೆಜ್ಜೆ ಎರಡೂವರೆ ಅಡಿ. 22 ಹೆಜ್ಜೆಗೆ 55 ಅಡಿಯಾಯಿತು, ಬೇಕಾದದ್ದು 66. ಹನ್ನೊಂದು ಅಡಿ ಕಮ್ಮಿಯಾದ ಪಿಚ್ಚಿನಲ್ಲಿ ಊರಿನ ಸಾಧಾರಣ ಬೌಲರ್ ಕೂಡ ವೇಗದೂತನಾಗಿ ಕಾಣುತ್ತಾನೆ, ಪಕ್ಕದೂರಿಗೆ ಹೋಗಿ ಹೊಡೆಸಿಕೊಂಡು ಬರುತ್ತಾನೆ. ಮೇಸ್ತ್ರಿಯ ಟೇಪನ್ನು ಹತ್ತು ನಿಮಿಷಕ್ಕೆ ಎರವಲು ತಂದರೆ ಮುಗಿಯುವ ಕೆಲಸ. ಗೂಟದಿಂದ ನಾಲ್ಕು ಅಡಿ ಮುಂದೆ ಗೆರೆ. ಅದು ಸೊಟ್ಟಗಾಗದಂತೆ ಮನೆ ಪಾಯ ಹಾಕುವ ಮೂರು-ನಾಲ್ಕು-ಐದರ ಲೆಕ್ಕದಲ್ಲಿ ಮೂಲೆಮಟ್ಟ ನೋಡಿಕೊಳ್ಳಬೇಕು. ಸುಣ್ಣದ ಪುಡಿ ಮಧ್ಯಾಹ್ನದೊಳಗೆ ಅಳಿಸಿಹೋಗುತ್ತದೆ, ಆಮೇಲಿನ ರನೌಟ್‌ಗಳೆಲ್ಲ ನೆನಪಿನ ಗೆರೆಯ ಮೇಲೆ ತೀರ್ಮಾನವಾಗುತ್ತವೆ.

ಇನ್ನು ಕಾನೂನು. ಕ್ರಿಕೆಟ್ಟಿನ ಕಾನೂನು ಬರೆಯುವ ಲಂಡನ್ನಿನ ಎಂಸಿಸಿ ಕ್ಲಬ್ಬಿನವರ ಪುಸ್ತಕದ ಪ್ರಕಾರ ಕೈ ಕೆಳಗಿನಿಂದ ಎಸೆಯುವುದು, ಅಂದರೆ ಅಂಡರ್ ಆರ್ಮ್, ಎರಡೂ ಕಡೆಯವರು ಪಂದ್ಯಕ್ಕೆ ಮೊದಲೇ ಒಪ್ಪಿಕೊಳ್ಳದೆ ಇದ್ದರೆ ಸಲ್ಲದು. ಆಟ ಶುರುವಾದದ್ದೇ ಹಾಗೆ ಎಸೆಯುತ್ತ. ಕೈಯನ್ನು ಭುಜದ ಮೇಲೆ ಎತ್ತಿ ಎಸೆಯಲು ಒಪ್ಪಿಗೆ ಸಿಕ್ಕಿದ್ದು 1864ರಲ್ಲಿ. 1981ರ ಫೆಬ್ರವರಿ 1ರಂದು ಮೆಲ್ಬರ್ನ್‌ನಲ್ಲಿ ನ್ಯೂಜಿಲೆಂಡಿಗೆ ಕೊನೆಯ ಎಸೆತದಲ್ಲಿ ಸಮಬಲಕ್ಕೆ ಆರು ರನ್ ಬೇಕಿದ್ದಾಗ ಆಸ್ಟ್ರೇಲಿಯಾದ ನಾಯಕ ಗ್ರೆಗ್ ಚಾಪೆಲ್ ತಮ್ಮ ಟ್ರೆವರ್‌ಗೆ ಹೇಳಿ ಬಾಲನ್ನು ನೆಲದ ಮೇಲೆ ಉರುಳಿಸಿದರು. ಅಲ್ಲಿಂದ ದೊಡ್ಡವರ ಆಟದಲ್ಲಿ ಅಂಡರ್ ಆರ್ಮ್‌ಗೆ ಬಾಗಿಲು ಮುಚ್ಚಿತು. ನಮ್ಮ ಕಡೆ ಮುಚ್ಚಲಿಲ್ಲ. ಉಡುಪಿ, ಮಂಗಳೂರು ಸುತ್ತಿನ ಕರಪತ್ರಗಳಲ್ಲಿ ‘ಹೊನಲು ಬೆಳಕಿನ 30 ಗಜಗಳ ಅಂಡರ್ ಆರ್ಮ್ ಪಂದ್ಯಾಟ’ ಈಗಲೂ ರಾರಾಜಿಸುತ್ತದೆ. ಕಾರಣ ಸರಳ: ಬೌಂಡರಿ ಮೂವತ್ತೇ ಗಜ ದೂರ, ಒಂದೇ ಗದ್ದೆಯಲ್ಲಿ ಆಟ ಮುಗಿಯುತ್ತದೆ, ಬೌಲರಿಗೆ ಓಡಿ ಬರಲು ಜಾಗ ಬೇಡ, ಬದು ಕಡಿಯುವ ಕೆಲಸವೂ ತಪ್ಪುತ್ತದೆ. ಬಾಲನ್ನು ಚಿಮ್ಮಿಸಿ, ಬೆರಳಲ್ಲಿ ತಿರುಪಿ ಬಿಟ್ಟಾಗ ಅದು ನೆಲಕ್ಕೆ ಬಿದ್ದು ಹಾವಿನಂತೆ ಹೊರಳುವುದನ್ನು ನೋಡಿದವರು ಇದನ್ನು ಮಕ್ಕಳಾಟ ಎನ್ನುವುದಿಲ್ಲ.

ಉಳಿದ ಕಾನೂನುಗಳನ್ನು ಬರೆದದ್ದು ಸಮಿತಿಯಲ್ಲ, ಗದ್ದೆ. ಪಕ್ಕದವರು ಉದ್ದು ಬಿತ್ತಿದ್ದರೆ ಆ ಕಡೆ ನೆಲ ಕಚ್ಚಿ ಹೋದರೆ ಎರಡು ರನ್, ಎತ್ತಿ ಹೊಡೆದರೆ ಔಟ್. ಉದ್ದಿನ ಯಜಮಾನರ ಜೊತೆಗಿನ ಸಂಧಾನದ ಫಲ ಅದು. ಅದಿಲ್ಲದಿದ್ದರೆ ಪಂದ್ಯಾಟವೇ ಇಲ್ಲ. ಬಾವಿಗೆ ಬಿದ್ದರೆ ಡೆಡ್ ಬಾಲ್, ತೆಗೆಯುವುದು ಹೊಡೆದವನ ಕೆಲಸ. ಕೀಪರಿನ ಹಿಂದೆ ಮುಳ್ಳುಬೇಲಿ ಇದ್ದರೆ ಬೈ ಒಂದೇ ರನ್ನಿಗೆ ನಿಲ್ಲುತ್ತದೆ. ಎಲ್‌ಬಿಡಬ್ಲ್ಯೂ ಯಾಕಿಲ್ಲ ಎಂದು ಪೇಟೆಯಿಂದ ಬಂದವರು ಕೇಳುವುದುಂಟು. ಅಂಪೈರುಗಳು ಸಾಲದೆ ಬ್ಯಾಟಿಂಗ್ ತಂಡದವರೇ ನಿಲ್ಲುವ ಕಡೆ ಎಲ್‌ಬಿಡಬ್ಲ್ಯೂ ಕೊಡುವ ಧೈರ್ಯವಂತ ಅದೇ ಜೀಪಿನಲ್ಲಿ ಮನೆಗೆ ಹೋಗಬೇಕಲ್ಲ!

ಬಾಲಿನ ವಿಷಯದಲ್ಲಿ ಜಿಪುಣತನ ಕೂಡದು. ಟೆನಿಸ್ ಬಾಲು ಗಟ್ಟಿ ನೆಲದಲ್ಲಿ ಬೇಗ ತುಪ್ಪಳ ಉದುರಿಸಿ ಬೋಳಾಗುತ್ತದೆ. ಬೋಳಾದದ್ದು ನೆಲಕ್ಕೆ ಬಿದ್ದ ಮೇಲೆ ಜಾರಿ ಬರುತ್ತದೆ, ಆಮೇಲೆ ಬ್ಯಾಟ್ ಬೀಸುವುದು ಕುರುಡು ಲೆಕ್ಕ. ಆದ್ದರಿಂದ ಇನಿಂಗ್ಸಿಗೊಂದು ಹೊಸ ಬಾಲು, ಜೊತೆಗೆ ಕಳೆದುಹೋದರೆ ಎಂದು ಎರಡು ಹಳೆಯವು ಕಿಸೆಯಲ್ಲಿ. ಹಳೆಯದು ಹೋದರೆ ಹಳೆಯದೇ ಬರಬೇಕು. ಐದನೇ ಓವರಿನಲ್ಲಿ ಹೊಸದು ಕೊಟ್ಟರೆ ಜಗಳ ಖಾತ್ರಿ. ಡಿಸೆಂಬರ್ ರಾತ್ರಿಯ ಆಟವಾದರೆ ಇಬ್ಬನಿ ಕುಡಿದ ಬಾಲು ಒದ್ದೆ ಬನ್ನಿನಂತಾಗುತ್ತದೆ, ಬೌಲರಿನ ಕೈಯಿಂದ ಜಾರುತ್ತದೆ. ಟಾಸ್ ಗೆದ್ದವರು ರಾತ್ರಿ ಹತ್ತರ ಮೇಲೆ ಫೀಲ್ಡಿಂಗ್ ಮೊದಲು ಕೇಳುವುದು ಇದಕ್ಕೇ.

ವೇಳಾಪಟ್ಟಿಯದು ಕೂಡಿಸುವ ಲೆಕ್ಕ, ಆದರೂ ಎಡವುವುದು ಇಲ್ಲಿಯೇ. 16 ತಂಡಗಳ ನಾಕೌಟ್ ಎಂದರೆ 15 ಪಂದ್ಯ: ಶನಿವಾರ ಎಂಟು, ಭಾನುವಾರ ಏಳು. ಆರು ಓವರಿನ ಪಂದ್ಯವೊಂದಕ್ಕೆ ಓವರಿಗೆ ನಾಲ್ಕು ನಿಮಿಷದಂತೆ 48 ನಿಮಿಷ, ಮಧ್ಯದ ಬೆಲ್ಲ-ನೀರು, ವಾದ-ವಿವಾದ ಸೇರಿ ಒಂದು ಗಂಟೆ. ಒಂಬತ್ತಕ್ಕೆ ಶುರುವಾದರೆ ಸಂಜೆ ಐದಕ್ಕೆ ಎಂಟು ಪಂದ್ಯ ಮುಗಿಯಬೇಕು. ಒಂಬತ್ತಕ್ಕೆ ಯಾವುದೂ ಶುರುವಾಗುವುದಿಲ್ಲ. ಉದ್ಘಾಟಕರು ಹತ್ತಕ್ಕೆ ಬರುತ್ತಾರೆ, ತೆಂಗಿನಕಾಯಿ ಒಡೆಯುತ್ತಾರೆ, ನಾಲ್ಕು ಮಾತು ಎಂದು ನಲವತ್ತು ಆಡುತ್ತಾರೆ, ಆಮೇಲೆ ಪಂಚೆ ಎತ್ತಿ ಕಟ್ಟಿ ಒಂದು ಬಾಲು ಆಡುತ್ತಾರೆ. ಆ ಬಾಲನ್ನು ಮೆಲ್ಲಗೆ ಹಾಕಬೇಕು, ಕ್ಯಾಚ್ ಬಂದರೂ ಹಿಡಿಯಬಾರದು. ಹಣ ಕೊಟ್ಟವರು ಅವರು. ಹೀಗೆ ಬೆಳಿಗ್ಗೆ ಸೋರಿದ ಒಂದೂವರೆ ಗಂಟೆಯನ್ನು ಸಂಜೆಯ ತಂಡಗಳು ತೆರುತ್ತವೆ, ಆರು ಓವರ್ ನಾಲ್ಕಾಗುತ್ತದೆ.

ಪ್ರವೇಶ ಶುಲ್ಕ ಕೊಟ್ಟು, ಜೀಪು ಮಾಡಿಕೊಂಡು ಬಂದವರು ಒಂದೇ ಪಂದ್ಯ ಸೋತು ಹೋಗಬೇಕೆಂದರೆ ಮುಖ ಸಪ್ಪಗಾಗುತ್ತದೆ. ಇದಕ್ಕೊಂದು ಉಪಾಯವಿದೆ: 12 ತಂಡ, ಮೂರು ಮೂರರ ನಾಲ್ಕು ಗುಂಪು. ಗುಂಪಿಗೆ ಮೂರರಂತೆ 12 ಪಂದ್ಯ, ಮೇಲೆ ಎರಡು ಸೆಮಿಫೈನಲ್, ಒಂದು ಫೈನಲ್. ಆಗಲೂ 15! ನಾಲ್ಕು ತಂಡಗಳ ಶುಲ್ಕ ಖೋತಾ ಎಂಬುದು ನಿಜ, ಪ್ರತಿಯೊಬ್ಬರಿಗೂ ಎರಡು ಪಂದ್ಯವಂತೂ ಸಿಕ್ಕಿತು. ತೊಂದರೆ ಒಂದೇ, ಮೂವರೂ ಒಂದೊಂದು ಗೆದ್ದು ಕೂತರೆ ರನ್‌ರೇಟ್ ತೆಗೆಯಬೇಕು. ಆಗ ಸ್ಕೋರರ್ ಮೇಜಿನ ಸುತ್ತ ಜಾತ್ರೆ. 4.3 ಓವರಿನಲ್ಲಿ 49 ಹೊಡೆದರೆ ಮೊಬೈಲಿನಲ್ಲಿ 49ನ್ನು 4.3ರಿಂದ ಭಾಗಿಸಿ 11.40 ಎನ್ನುತ್ತಾರೆ. ನಾಲ್ಕು ಓವರು ಮೂರು ಬಾಲು ಎಂದರೆ ನಾಲ್ಕೂವರೆ. ಸರಿಯಾದ ಉತ್ತರ 10.89. 4.3 ಓವರಿಗೆ ಆಲೌಟ್ ಆದವರಿಗೋ ಪೂರಾ ಆರು ಓವರಿನಿಂದಲೇ ಭಾಗಿಸಬೇಕು. ಇದನ್ನು ಟಾಸ್‌ಗೆ ಮುಂಚೆ ಮೈಕಿನಲ್ಲಿ ಹೇಳಿಬಿಟ್ಟರೆ ಸಂಜೆ ಗಂಟಲು ಹರಿದುಕೊಳ್ಳುವುದು ತಪ್ಪುತ್ತದೆ.

ಮೈಕು ಹಿಡಿದವನ ಗಂಟಲಿಗೆ ಮಾತ್ರ ಬಿಡುವಿಲ್ಲ. ‘ದಾಂಡಿಗ’, ‘ಗೂಟರಕ್ಷಕ’, ‘ಹುದ್ದರಿ ಪತನ’ (ವಿಕೆಟ್ ಬಿತ್ತು) ಎಂಬ ಕನ್ನಡ ಇವತ್ತಿಗೂ ಪೂರ್ತಿ ಬಳಕೆಯಲ್ಲಿರುವುದು ಅವನ ವೀಕ್ಷಕ ವಿವರಣೆಯಲ್ಲಿ. ಅದರ ನಡುವೆಯೇ, ಗೇಟಿಗೆ ಅಡ್ಡ ನಿಲ್ಲಿಸಿದ ಬೈಕು ತೆಗೆಯಬೇಕು, ಚರುಮುರಿ ಅಂಗಡಿಯ ಬಳಿ ಕೀಗೊಂಚಲು ಸಿಕ್ಕಿದೆ.

ಫೈನಲ್ ಮುಗಿದ ಮೇಲೆ ಗದ್ದೆ ಯಜಮಾನರ ಷರತ್ತು ನೆನಪಾಗುತ್ತದೆ: ಪ್ಲಾಸ್ಟಿಕ್ ಹೆಕ್ಕಬೇಕು, ಕಡಿದ ಬದು ಕಟ್ಟಿಕೊಡಬೇಕು. ಸೋಮವಾರ ಬರುತ್ತೇವೆಂದವರಲ್ಲಿ ನಾಲ್ವರು ಬರುತ್ತಾರೆ, ಅದರಲ್ಲಿ ಇಬ್ಬರು ಗುದ್ದಲಿ ತರುತ್ತಾರೆ. ಬದು ಹೇಗೋ ಎದ್ದು ನಿಲ್ಲುತ್ತದೆ. ಡ್ರಮ್ಮು ಉರುಳಿಸಿ ಗಟ್ಟಿ ಮಾಡಿದ ಆ 22 ಗಜ ಮಾತ್ರ ಹಾಗೇ ಉಳಿಯುತ್ತದೆ. ಜೂನಿನಲ್ಲಿ ನೀರು ನಿಂತು ಟಿಲ್ಲರ್ ಇಳಿದಾಗ, ಗದ್ದೆಯುದ್ದಕ್ಕೂ ಬೆಣ್ಣೆಯಂತೆ ಹೋದ ಯಂತ್ರ ಅಲ್ಲಿಗೆ ಬಂದು ಒಮ್ಮೆ ಮುಗ್ಗರಿಸುತ್ತದೆ. ಹಿಡಿಕೆ ಹಿಡಿದವನು ಟೀಮಿನ ಹೆಸರು ಹಿಡಿದೇ ಬೈಯುತ್ತಾನೆ.