ಜಾವಳಿಗೆ ಕೈಮುಗಿದರೆ ಸಾಲದು

ಹೇಮಾವತಿ ಎಲ್ಲಿ ಹುಟ್ಟುತ್ತಾಳೆ ಅಂತ ಕೇಳಿ, ನಮ್ಮ ಮೂಡಿಗೆರೆ ಸೀಮೆಯ ಶಾಲೆ ಮಕ್ಕಳೂ ಜಾವಳಿ ಅಂತಾರೆ. ಸರಿಯೇ. ಬಲ್ಲಾಳರಾಯನದುರ್ಗದ ಮಗ್ಗುಲಲ್ಲಿ ಹುಟ್ಟಿ, ಸಕಲೇಶಪುರ, ಗೊರೂರು ದಾಟಿ, ಸುಮಾರು 245 ಕಿಲೋಮೀಟರ್ ಹರಿದು ಕೆಆರ್‌ಎಸ್ ಹಿನ್ನೀರಿನಲ್ಲಿ ಕಾವೇರಿಗೆ ಸೇರುತ್ತಾಳೆ. ಆದರೆ ಆ ಒಂದು ಬೊಗಸೆ ನೀರೇ ಗೊರೂರು ಜಲಾಶಯ ತುಂಬಿಸುತ್ತದೆಯೇ? ದಾರಿಯುದ್ದಕ್ಕೂ ಬಂದು ಬೀಳುವ ಹಳ್ಳಗಳ ಲೆಕ್ಕ ಇಡುವವರು ಯಾರು? ಯಗಚಿಗಾದರೂ ಹೆಸರಿದೆ, ಬೇಲೂರಿನ ಹತ್ತಿರ ಡ್ಯಾಮೂ ಇದೆ. ನಮ್ಮೂರಿನದಕ್ಕೆ ಹೆಸರೇ ಇಲ್ಲ.

ಅದಕ್ಕೆ ಇಂಥದೇ ಮೂಲ ಅಂತಲೂ ಇಲ್ಲ. ಗುಡ್ಡದ ಹುಲ್ಲುಬಾನೆಯ ಕೆಳಗೆ, ಎರಡು ಏಣುಗಳ ಸಂದಿಯ ಕಾಡಿನಲ್ಲಿ ನೆಲ ಜೌಗಾಗಿದೆ. ಅಲ್ಲಿ ಕಾಲಿಟ್ಟರೆ ನೀರು, ನೋಡಿದರೆ ಬರೀ ತರಗೆಲೆ. ಇನ್ನಷ್ಟು ಇಳಿದರೆ ಕಲ್ಲಿನ ಸಂದಿಯಲ್ಲಿ ಸಪ್ಪಳ ಕೇಳುತ್ತದೆ. ಆಮೇಲೆ ಕಾಫಿ ತೋಟ, ಆಮೇಲೆ ಗದ್ದೆಬಯಲು. ಬಯಲಿನ ನಡುವೆ ಹರಿಯಬೇಕಾದ ಹಳ್ಳವನ್ನು ನಮ್ಮ ಹಿರಿಯರು ಗುಡ್ಡದ ಬದಿಗೆ ಸರಿಸಿದ್ದಾರೆ, ಗದ್ದೆಗೆ ಜಾಗ ಬೇಕಲ್ಲ! ಪ್ರಕೃತಿಯ ದಾರಿ ಅಂತ ನಾವು ತೋರಿಸುವ ಎಷ್ಟೋ ತಿರುವುಗಳು ಹಾರೆ ಗುದ್ದಲಿಯವು.

ಆದರೂ ಆ ಸರಿಸುವಿಕೆಯಿಂದ ಹಳ್ಳ ಸಾಯಲಿಲ್ಲ. ಬದುವಿನೊಳಗೆ ತಿಂಗಳುಗಟ್ಟಲೆ ನಿಂತ ನೀರು ನೆಲಕ್ಕೆ ಇಳಿದು, ಕೆಳಗೆಲ್ಲೋ ಒರತೆಯಾಗಿ ಮತ್ತೆ ಹಳ್ಳಕ್ಕೇ ಬರುತ್ತಿತ್ತು. ಈಗ ಅದೇ ಗದ್ದೆಗಳಲ್ಲಿ ಶುಂಠಿ, ಅಡಿಕೆ. ಶುಂಠಿಯ ಬುಡದಲ್ಲಿ ನೀರು ನಿಂತರೆ ಗಡ್ಡೆ ಕೊಳೆಯುತ್ತದೆ, ಹಾಗಾಗಿ ಮೊದಲ ಕೆಲಸವೇ ಬಸಿಗಾಲುವೆ ತೆಗೆಯುವುದು. ಮಳೆ ಬಿದ್ದ ನೀರು ಅಂದೇ ಹೊಳೆ ಸೇರುತ್ತದೆ. ಜುಲೈನಲ್ಲಿ ಹಳ್ಳ ದಾಟುವ ಸಂಕ ಮುಳುಗಿ ಫೆಬ್ರುವರಿಯಲ್ಲಿ ಕಲ್ಲು ಕಾಣುವುದಕ್ಕೆ 'ಮಳೆ ಕೆಟ್ಟಿತು' ಅಂತ ಆಕಾಶ ನೋಡುವ ಮೊದಲು ಗದ್ದೆ ನೋಡಬೇಕು.

ಇನ್ನು ನಾವು ಬೆಳೆಗಾರರು. ಎತ್ತಿನಹೊಳೆ ನೀರನ್ನು ಪೂರ್ವಕ್ಕೆ ಎತ್ತುತ್ತಾರೆ ಅಂತ ಸಭೆ ಮಾಡಿದೆವು. 2024ರ ಸೆಪ್ಟೆಂಬರಿನಲ್ಲಿ ಅದರ ಮೊದಲ ಹಂತದ ಪಂಪುಗಳೂ ಚಾಲೂ ಆದವು. ಆ ಯೋಜನೆಯ ಬಗ್ಗೆ ನನಗೂ ತಕರಾರಿದೆ. ಆದರೆ ರೋಬಸ್ಟಾ ಕಾಫಿಗೆ ಹೂವಿನ ನೀರು, ಅಂದರೆ ಮೊಗ್ಗು ಅರಳಿಸುವ ನೀರು ಕೊಡುವ ಹೊತ್ತಿಗೆ ನಾವೇನು ಮಾಡುತ್ತೇವೆ? ಇಂಚು, ಒಂದೂವರೆ ಇಂಚು ಮಳೆಗೆ ಸಮನಾಗಿ ಸ್ಪ್ರಿಂಕ್ಲರ್ ಹಾರಿಸಬೇಕು, ಎರಡು ಮೂರು ವಾರಕ್ಕೆ ಬ್ಯಾಕಿಂಗ್ ಅಂತ ಇನ್ನೊಂದು ಸಲ ನೀರು ಬೇರೆ. ಎಲ್ಲರ ಮೊಗ್ಗೂ ಒಟ್ಟಿಗೇ ತಯಾರಾಗುತ್ತದೆ, ಎಲ್ಲರ ಮೋಟಾರೂ ಒಟ್ಟಿಗೇ ಹಳ್ಳಕ್ಕೆ ಇಳಿಯುತ್ತದೆ. ಅದಕ್ಕೂ ಮುಂಚೆ, ಕೊಯ್ಲಿನ ಕಾಲದಲ್ಲಿ, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರದ ನೀರು ಬಿಟ್ಟು ಹಳ್ಳ ನಾರಿಸಿದವರೂ ನಾವೇ. ಕೆಳಗಿನ ಊರಿನ ದನ ಆ ನೀರನ್ನು ಮೂಸಿ ವಾಪಸ್ ಬರುತ್ತವೆ.

ಗದ್ದೆಗೆ ನೀರು ಬಿಡಲು ಹಿಂದೆ ಸರದಿ ಇತ್ತು. ಮೋಟಾರಿಗೂ ಸರದಿ ಇರಲಿ, ರಾತ್ರಿಯಾದರೂ ಹಳ್ಳ ಹರಿಯಲಿ ಅನ್ನುವುದು ನನ್ನ ವಾದ. ಜನವರಿಯಲ್ಲೇ ಕೂತು ಬರೆದುಕೊಳ್ಳೋಣ ಅಂತ ಅಕ್ಕಪಕ್ಕದವರಿಗೆ ಹೇಳಿದ್ದೇನೆ. ಕೆಳಗಿನವರು ಕೂಡಲೇ ಒಪ್ಪಿದರು. ಮೇಲಿನ ತೋಟದವರು 'ನೋಡೋಣ, ಮಳೆ ಬಂದರೂ ಬರಬಹುದು' ಅಂದಿದ್ದಾರೆ.